ಮನೆಯ ಕರೆಂಟೂ ಸ್ಪೀಕರಿನ ದನಿಯೂ

ಧಾರವಾಡದ ನಮ್ಮ ಮನೆಯಲ್ಲಿ ಸಂಜೆ ಏಳರ ಸುಮಾರಿಗೆ ಹಳೆಯ ಆಂಪ್ಲಿಫೈಯರ್ ಹಚ್ಚಿ ಖಯಾಲ್ ಕೇಳಲು ಕುಳಿತರೆ, ಗಾಯಕರು ದನಿ ತೆಗೆಯುವ ಮೊದಲು ಕೇಳಿಬರುವ ತಂಬೂರಿಯ ನಾದದ ಅಡಿಯಲ್ಲಿ ಇನ್ನೊಂದು ಸದ್ದು, ದೂರದಲ್ಲಿ ದುಂಬಿಯೊಂದು ಗುಂಯ್‌ಗುಡುವಂತೆ, ಬಿಡದೆ ಹರಿಯುತ್ತಿತ್ತು. ಆ ಗಾಯಕರ ಶ್ರುತಿ ಬಿಳಿ ಒಂದು, ಹಾರ್ಮೋನಿಯಂನ ‘ಸಿ’ ಎಂಬ ಬಿಳಿ ಮನೆಯ ಸ್ವರ. ಅಂದರೆ ಷಡ್ಜವು ಸುಮಾರು 130.8 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ತಂಬೂರಿಯ ಮೊದಲ ತಂತಿ ನುಡಿಯುವ ಮಂದ್ರ ಪಂಚಮವು ಸುಮಾರು 98 ಹರ್ಟ್ಸ್. ಗುಂಯ್‌ಗುಡುತ್ತಿದ್ದ ಸದ್ದು 100 ಹರ್ಟ್ಸಿನದು. ಎರಡು ನಾದಗಳು ಇಷ್ಟು ಹತ್ತಿರ ಬಂದಾಗ ಅವುಗಳ ಅಂತರದಷ್ಟು ವೇಗದಲ್ಲಿ ದನಿ ಉಬ್ಬಿ ಇಳಿಯುತ್ತದೆ. ಹಾಗಾಗಿ ಪಂಚಮದ ತಂತಿ ಮಿಡಿದಾಗಲೆಲ್ಲ ಸೆಕೆಂಡಿಗೆ ಎರಡು ಸಲ ಆ ನಾದ ತೊಟ್ಟಿಲಿನಂತೆ ತೂಗುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಅದೇ ಧ್ವನಿಮುದ್ರಿಕೆಯನ್ನು ಅದೇ ಆಂಪ್ಲಿಫೈಯರಿನಲ್ಲಿ ಕೇಳಿದರೆ ದುಂಬಿ ಇರುತ್ತಿರಲಿಲ್ಲ, ಪಂಚಮ ಅಲುಗದೆ ನಿಲ್ಲುತ್ತಿತ್ತು.

ಮನೆಯ ವಿದ್ಯುತ್ತಿನ ಗುಣಮಟ್ಟ ಹಾಡಿನ ದನಿಯನ್ನು ಬದಲಿಸುತ್ತದೆಯೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ. ಕರೆಂಟು ಶುದ್ಧವಾದರೆ ಕಂಠಕ್ಕೆ ಹೊಸ ಕಾಂತಿ ಬರುತ್ತದೆ ಎಂದು ನಂಬಿ ದುಬಾರಿ ಪೆಟ್ಟಿಗೆಗಳನ್ನೂ ಬೆರಳುದಪ್ಪದ ವೈರುಗಳನ್ನೂ ಕೊಳ್ಳುವವರಿದ್ದಾರೆ. ಪೆಟ್ಟಿಗೆ ಆನ್ ಆದರೆ ಸಾಕು, ಉಳಿದುದೆಲ್ಲ ಭ್ರಮೆ ಎನ್ನುವವರೂ ಇದ್ದಾರೆ. ನಾನು ಕಂಡಂತೆ ಎರಡೂ ಪೂರ್ತಿ ನಿಜವಲ್ಲ. ವಿದ್ಯುತ್ತಿನ ದೋಷ ಹಾಡಿನೊಳಗೆ ನುಗ್ಗುವ ದಾರಿಗಳು ಕೆಲವೇ ಇವೆ, ಪ್ರತಿಯೊಂದು ದಾರಿಯಿಂದ ಬರುವ ದೋಷಕ್ಕೂ ಅದರದೇ ಸದ್ದಿದೆ, ಮತ್ತು ಆ ಸದ್ದು ಯಾವುದೆಂದು ಕಿವಿಯಿಂದ ಗುರುತಿಸಿದ ಮೇಲೆ ಮಾಡಬೇಕಾದ ಕೆಲಸ ಬಹಳ ಸಲ ತೀರಾ ಚಿಕ್ಕದು, ಅಗ್ಗದ್ದು.

ಇದನ್ನು ತಿಳಿಯಲು ಆಂಪ್ಲಿಫೈಯರಿನ ಒಳಗೆ ಕರೆಂಟು ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬಂದಾಗ ನಾವು ಸಂಪು ತುಂಬಿಸಿಕೊಂಡು ಅದರಿಂದ ಮನೆ ನಡೆಸುತ್ತೇವಲ್ಲ, ಆಂಪ್ಲಿಫೈಯರ್ ಮಾಡುವುದೂ ಹಾಗೆಯೇ. ಗೋಡೆಯ ಪ್ಲಗ್ಗಿನಲ್ಲಿ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ಅಲೆ. 230 ವೋಲ್ಟ್ ಎಂದು ನಾವು ಕರೆಯುವುದು ಅದರ ಸರಾಸರಿ ಬಲವನ್ನು, ಅಲೆಯ ತುದಿ 325 ವೋಲ್ಟಿನವರೆಗೆ ಏರುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಆಮೇಲೆ ದಪ್ಪ ಕೆಪ್ಯಾಸಿಟರುಗಳು ಅದನ್ನು ತುಂಬಿಟ್ಟುಕೊಳ್ಳುತ್ತವೆ. ಅಲೆಯ ಎರಡೂ ಅರ್ಧಗಳು ಒಂದೇ ದಿಕ್ಕಿಗೆ ಬಂದದ್ದರಿಂದ ಈ ಸಂಪು ಸೆಕೆಂಡಿಗೆ 100 ಸಲ ತುಂಬುತ್ತದೆ, ಅದೂ ಅಲೆಯ ತುದಿಯ ಬಳಿಯ ಎರಡು ಮೂರು ಮಿಲಿಸೆಕೆಂಡುಗಳಲ್ಲಿ ಮಾತ್ರ. ಉಳಿದ ಹೊತ್ತು ಸ್ಪೀಕರಿಗೆ ಹೋಗುವುದೆಲ್ಲ ತುಂಬಿಟ್ಟದ್ದರಿಂದಲೇ. 10,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನಿಂದ 2 ಆಂಪಿಯರ್ ಎಳೆದರೆ ಎರಡು ತುಂಬುವಿಕೆಗಳ ನಡುವೆ ಮಟ್ಟ ಸುಮಾರು 2 ವೋಲ್ಟ್ ಕುಸಿಯುತ್ತದೆ. ಈ ಏರಿಳಿತದ ದನಿಯೇ 100 ಹರ್ಟ್ಸಿನ ದುಂಬಿ. ಒಳ್ಳೆಯ ಆಂಪ್ಲಿಫೈಯರಿನ ಮಂಡಲ (ಸರ್ಕ್ಯೂಟ್) ಇದನ್ನು ಸಾವಿರಾರು ಪಾಲು ತಗ್ಗಿಸಿ ಸ್ಪೀಕರಿಗೆ ತಲುಪದಂತೆ ನೋಡಿಕೊಳ್ಳುತ್ತದೆ. ಆದ್ದರಿಂದಲೇ ಕರೆಂಟಿನ ಚಿಕ್ಕಪುಟ್ಟ ವ್ಯತ್ಯಾಸಗಳು ಸಾಮಾನ್ಯವಾಗಿ ಕೇಳಿಸುವುದಿಲ್ಲ.

ವೋಲ್ಟೇಜ್ ಇಳಿದರೆ ದನಿ ಮಂಕಾಗುತ್ತದೆ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಅಳೆದು ನೋಡಬಹುದು. ನಮ್ಮಲ್ಲಿ ಮನೆಗೆ ಕೊಡುವ ವೋಲ್ಟೇಜ್ 230ರಿಂದ ಶೇಕಡಾ 6ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು 1956ರ ವಿದ್ಯುತ್ ನಿಯಮಗಳೇ ಹೇಳಿದ್ದವು. ಅಂದರೆ 216ರಿಂದ 244 ವೋಲ್ಟ್. ಅದು 184ಕ್ಕೆ ಇಳಿಯಿತೆಂದುಕೊಳ್ಳಿ. ಸಾದಾ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರಿನಲ್ಲಿ ಒಳಗಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ, ಶೇಕಡಾ 20ರಷ್ಟು, ಇಳಿಯುತ್ತದೆ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 50 ವ್ಯಾಟಿನ ಆಂಪ್ಲಿಫೈಯರ್ 32 ವ್ಯಾಟಿನದಾಗುತ್ತದೆ. ಕೇಳಲು ಇದು ಭಾರಿ ನಷ್ಟ. ಆದರೆ ಕಿವಿಯ ಲೆಕ್ಕದಲ್ಲಿ ಇದು 2 ಡೆಸಿಬೆಲ್ ಮಾತ್ರ, ಮತ್ತು ಈ ನಷ್ಟವು ಗರಿಷ್ಠ ಮಟ್ಟದಲ್ಲಿ ಆಗುವಂಥದ್ದು. ಮನೆಯಲ್ಲಿ ಸಂಜೆ ಹೊತ್ತು ಹಿತವಾಗಿ ಕೇಳುವಾಗ ಒಂದೆರಡು ವ್ಯಾಟೂ ಖರ್ಚಾಗುವುದಿಲ್ಲ, ಹಾಗಾಗಿ ಸೂರು ತುಸು ತಗ್ಗಿದರೂ ತಲೆಗೆ ತಾಗುವುದಿಲ್ಲ. ಜೋರಾಗಿ ಹಾಕಿದಾಗ, ಪಖಾವಜದ ಅಥವಾ ಡೊಳ್ಳಿನ ಪೆಟ್ಟು ಬಿದ್ದ ಗಳಿಗೆಯಲ್ಲಿ, ಅಲೆಯ ತಲೆ ಸೂರಿಗೆ ಬಡಿದು ಚಪ್ಪಟೆಯಾಗಿ ಪೆಟ್ಟು ಒಡೆದಂತೆ ಕೇಳಿಸುತ್ತದೆ. ಇಂದಿನ ಸೌಂಡ್‌ಬಾರುಗಳಲ್ಲಿ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರುಗಳಲ್ಲಿ ಹೆಚ್ಚಾಗಿ 100ರಿಂದ 240 ವೋಲ್ಟಿನವರೆಗೆ ಯಾವುದಿದ್ದರೂ ಒಳಗೆ ಒಂದೇ ಮಟ್ಟ ಕಾಯ್ದುಕೊಳ್ಳುವ ಸ್ವಿಚಿಂಗ್ ಸಪ್ಲೈ ಇರುವುದರಿಂದ ಅವುಗಳಿಗೆ ಈ ತೊಂದರೆಯೂ ಇಲ್ಲ.

ಹಾಗಾದರೆ ನಮ್ಮ ಮನೆಯ ಸಂಜೆಯ ದುಂಬಿ ಎಲ್ಲಿಯದು? ಹಳೆಯ ಆಂಪ್ಲಿಫೈಯರುಗಳಲ್ಲಿ ವಾಲ್ಯೂಮ್, ಟ್ರೆಬಲ್, ಬಾಸ್ ಇರುವ ಮುಂಭಾಗದ ಮಂಡಲಕ್ಕೆ 15 ವೋಲ್ಟಿನ ರೆಗ್ಯುಲೇಟರ್ ಎಂಬ ಮೂರು ಕಾಲಿನ ಬಿಡಿಭಾಗ ಇರುತ್ತದೆ. ತನಗೆ ಬರುವ ವೋಲ್ಟೇಜ್ ತಾನು ಕೊಡುವುದಕ್ಕಿಂತ ಕನಿಷ್ಠ 2 ವೋಲ್ಟ್ ಹೆಚ್ಚಿರುವವರೆಗೆ ಅದು ಎಲ್ಲ ಏರಿಳಿತವನ್ನೂ ನುಂಗಿ ಸಮತಟ್ಟಾದ 15 ವೋಲ್ಟನ್ನು ಕೊಡುತ್ತದೆ. 230 ವೋಲ್ಟಿಗೆ 15 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಅಲೆಯ ತುದಿ 21ರ ಸುಮಾರು, ಡಯೋಡುಗಳಲ್ಲಿ ಒಂದೂವರೆ ವೋಲ್ಟಿನಷ್ಟು ಕಳೆದರೂ 19ಕ್ಕಿಂತ ಹೆಚ್ಚೇ ಉಳಿಯುತ್ತದೆ. ಅದೇ ಗೋಡೆಯಲ್ಲಿ 184 ಇದ್ದಾಗ ಲೆಕ್ಕ ಹಾಕಿದರೆ ಉಳಿಯುವುದು ಹದಿನೈದೂವರೆ. ರೆಗ್ಯುಲೇಟರಿಗೆ ಬೇಕಾದದ್ದು 17. ಆಗ ಅದು ಕಾವಲು ಕಾಯುವುದನ್ನು ಬಿಟ್ಟು ಬಂದದ್ದನ್ನು ಬಂದ ಹಾಗೆ ಒಳಗೆ ಬಿಡುತ್ತದೆ, ಮತ್ತು 100 ಹರ್ಟ್ಸಿನ ಏರಿಳಿತ ಮುಂಭಾಗದಲ್ಲೇ ಹಾಡಿನೊಂದಿಗೆ ಬೆರೆಯುತ್ತದೆ. ವೋಲ್ಟೇಜ್ ಕುಸಿತವು ದನಿಯನ್ನು ಕೆಡಿಸುವುದು ಹೀಗೆ: ಬಹಳ ದೂರದವರೆಗೆ ಏನೂ ಆಗದೆ, ಒಂದು ಮಿತಿ ದಾಟಿದ ಕೂಡಲೇ ಥಟ್ಟನೆ.

ನಾನು ಮೊದಲು ಶಂಕಿಸಿದ್ದು ಬೀದಿಯ ಲೈನನ್ನು. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿ.ವಿ., ಮಿಕ್ಸಿ ನಡೆಯುವ ಹೊತ್ತು, ಟಿ.ಸಿ. (ಬೀದಿಯ ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಬೀಳುವುದು ಸಹಜ. ಆದರೆ ಮಲ್ಟಿಮೀಟರನ್ನು ಪ್ಲಗ್ಗಿಗೆ ಹಚ್ಚಿ ಕುಳಿತಾಗ ಗಮನಕ್ಕೆ ಬಂದದ್ದು ಬೇರೆ. ನಮ್ಮದೇ ಗೀಸರ್ ಹಾಕಿದ ಕ್ಷಣ 205 ಇದ್ದದ್ದು 184ಕ್ಕೆ ಬೀಳುತ್ತಿತ್ತು, ಆರಿಸಿದರೆ ಏರುತ್ತಿತ್ತು. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ನೋಡಿದರೆ 214 ಇದ್ದು ಅಲುಗಾಡುತ್ತಿರಲಿಲ್ಲ. 2,000 ವ್ಯಾಟಿನ ಗೀಸರ್ ಎಳೆಯುವುದು 9 ಆಂಪಿಯರಿನ ಆಸುಪಾಸು. ಅಷ್ಟಕ್ಕೆ 20 ವೋಲ್ಟ್ ಬಿದ್ದರೆ ದಾರಿಯಲ್ಲಿ ಎಲ್ಲೋ 2 ಓಮಿಗಿಂತ ಹೆಚ್ಚಿನ ತಡೆ ಕುಳಿತಿದೆ ಎಂದರ್ಥ. ಅದು ಕಂಬದ ಮೇಲೆ ಸರ್ವಿಸ್ ವೈರಿನ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿಯ, ಜೋಡಣೆಯಲ್ಲಿ ಸಿಕ್ಕಿತು: ಅಲ್ಯೂಮಿನಿಯಂ ತಂತಿಗೆ ಸುತ್ತಿದ ಜಾಗ ಬೂದಿಬಣ್ಣಕ್ಕೆ ತಿರುಗಿ, ಕೈಯಿಂದ ಅಲ್ಲಾಡಿಸಿದರೆ ಅಲುಗುವಷ್ಟು ಸಡಿಲಾಗಿತ್ತು. ಲೈನ್‌ಮನ್ ಅದನ್ನು ಕೆರೆದು ಹೊಸದಾಗಿ ಬಿಗಿದ ಸಂಜೆ ಗೀಸರ್ ಹಾಕಿದರೂ 212 ನಿಂತಿತು, ದುಂಬಿಯ ಸದ್ದಿಲ್ಲ. ಅದಕ್ಕೆ ಮುಂಚೆ ನಾನೊಂದು ಸ್ಟೆಬಿಲೈಜರ್ ತಂದು ಹಾಕಿದ್ದೆ. ಅದು ವೋಲ್ಟೇಜ್ ಏರಿಸಿತು ನಿಜ, ಆದರೆ ಒಳಗಿನ ರಿಲೇ ಟಕ್ಕೆಂದು ಸುತ್ತು ಬದಲಿಸಿದಾಗಲೆಲ್ಲ ಆ ಟಕ್ಕು ಸ್ಪೀಕರಿನಲ್ಲೂ ಕೇಳಿಸುತ್ತಿತ್ತು. ಈಗ ನೆನೆದರೆ ಹೆಚ್ಚು ಭಯವಾಗುವುದು ಇನ್ನೊಂದಕ್ಕೆ: ಸಡಿಲವಾದ ನ್ಯೂಟ್ರಲ್ ಬೀದಿಯ ಮುಖ್ಯ ತಂತಿಯಲ್ಲಿ ಕಡಿದು ಹೋದರೆ ಮೂರು ಫೇಸಿನ ವ್ಯವಸ್ಥೆಯಲ್ಲಿ ಕೆಲವು ಮನೆಗಳಿಗೆ 300 ವೋಲ್ಟ್ ದಾಟಿ 400ರ ಹತ್ತಿರದವರೆಗೂ ನುಗ್ಗಬಹುದು. ಆದ್ದರಿಂದ ನಿಮ್ಮ ಮನೆಯ ದೊಡ್ಡ ಉಪಕರಣ ಹಾಕಿದಾಗ ದೀಪ ಮಂಕಾದರೆ, ಅಥವಾ ಒಂದು ಕೋಣೆಯ ದೀಪ ಎಂದಿಗಿಂತ ಪ್ರಖರವಾದರೆ, ಸಂಗೀತದ ವಿಚಾರ ಪಕ್ಕಕ್ಕಿಟ್ಟು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಕಂಬದ ಕೆಲಸ, ಮೀಟರಿನ ಕೆಲಸ ಲೈನ್‌ಮನ್ನಿಗೇ ಸೇರಿದ್ದು.

ಮಲ್ಟಿಮೀಟರ್ ತೋರಿಸದ ಒಂದು ದೋಷವೂ ಇದೆ. ಟಿ.ವಿ., ಕಂಪ್ಯೂಟರ್, ಎಲ್‌ಇಡಿ ದೀಪ, ಚಾರ್ಜರ್ ಇವೆಲ್ಲವೂ ನಮ್ಮ ಆಂಪ್ಲಿಫೈಯರಿನಂತೆಯೇ ಅಲೆಯ ತುದಿಯಲ್ಲೇ ನೀರು ತುಂಬಿಕೊಳ್ಳುವಂಥವು. ಬೀದಿಯ ನೂರು ಮನೆಗಳ ಸಂಪುಗಳಿಗೆ ಒಂದೇ ಗಳಿಗೆಯಲ್ಲಿ ನಲ್ಲಿ ತಿರುಗಿಸಿದರೆ ಒತ್ತಡ ಇಳಿಯುವಂತೆ, ಅಲೆಯ ತುದಿ ಸವೆದು ಚಪ್ಪಟೆಯಾಗುತ್ತದೆ. ಮೀಟರ್ ಸರಾಸರಿಯನ್ನು ಲೆಕ್ಕ ಹಾಕಿ 225 ಎನ್ನುತ್ತದೆ, ಆದರೆ ಕೆಪ್ಯಾಸಿಟರ್ ತುಂಬುವುದು ತುದಿಯ ಎತ್ತರದವರೆಗೆ ಮಾತ್ರ. ಇದರ ಅತಿರೇಕವನ್ನು ಹಳೆಯ ಚೌಕ ಅಲೆಯ ಮನೆ ಇನ್ವರ್ಟರುಗಳಲ್ಲಿ ನೋಡಬಹುದು. 230 ವೋಲ್ಟಿನ ಚೌಕ ಅಲೆಯ ತುದಿಯೂ 230. ಆಂಪ್ಲಿಫೈಯರ್ ಎದುರುನೋಡುವ 325 ಅಲ್ಲಿಲ್ಲ. ಹಾಗಾಗಿ ಕರೆಂಟು ಹೋಗಿ ಇನ್ವರ್ಟರಿಗೆ ತಿರುಗಿದ ಕೂಡಲೇ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಅರ್ಧಕ್ಕೆ ಬರುತ್ತದೆ, ಮೇಲಾಗಿ ಚೌಕದ ಚೂಪು ಅಂಚುಗಳಿಂದ ಹುಟ್ಟುವ ಮೇಲಿನ ಕಂಪನಗಳು ಫ್ಯಾನಿನಲ್ಲಿ ಗೊರಗೊರ ಎನಿಸಿ ಸ್ಪೀಕರಿನಲ್ಲಿ ಜೀರುಂಡೆಯಂತೆ ಕೇಳಿಸುತ್ತವೆ. ಗೋಡೆಯ ಕರೆಂಟಿನಂತೆಯೇ ನುಣುಪಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರಿನಲ್ಲಿ ಈ ಬಾಧೆ ಬಹುಮಟ್ಟಿಗೆ ಇಲ್ಲ. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲೂ ಹಾಡು ಕೇಳುವ ಆಸೆಯಿರುವವರು ಹೆಚ್ಚುವರಿ ಹಣ ಕೊಡಬೇಕಾದ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಅಲೆಯ ವೇಗ, ಅಂದರೆ 50 ಹರ್ಟ್ಸ್, ಇಂದು ಚಿಂತೆಯ ವಿಷಯವಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಂದಿಗೆ ಬೆಸೆದುಕೊಂಡ ಮೇಲೆ ಇಡೀ ದೇಶ ಒಂದೇ ತಾಳದಲ್ಲಿ ನಡೆಯುತ್ತಿದೆ, ಮತ್ತು ಅದನ್ನು 49.90ರಿಂದ 50.05 ಹರ್ಟ್ಸಿನೊಳಗೆ ಹಿಡಿದಿಡುವುದು ನಿಯಮ. 1990ರ ದಶಕದಲ್ಲಿ ಹಾಗಿರಲಿಲ್ಲ. ಬೇಡಿಕೆ ಏರಿದಾಗ ಅದು 49ಕ್ಕಿಂತ ಕೆಳಗೆ ಇಳಿಯುವುದು ಅಪರೂಪವಾಗಿರಲಿಲ್ಲ. ಗೋಡೆಯ ಕರೆಂಟಿನ ವೇಗಕ್ಕೇ ತಿರುಗುವ ಸಿಂಕ್ರೊನಸ್ ಮೋಟಾರಿನ ಗ್ರಾಮಫೋನ್ ಇದ್ದವರ ಮನೆಯಲ್ಲಿ ಆಗ 48.5 ಹರ್ಟ್ಸ್ ಬಂದರೆ ತಟ್ಟೆ ಶೇಕಡಾ 3ರಷ್ಟು ನಿಧಾನವಾಗಿ, ಇಡೀ ಕಛೇರಿಯ ಶ್ರುತಿ ಒಂದು ಸ್ವರಸ್ಥಾನದ ಅರ್ಧದಷ್ಟು ಇಳಿಯುತ್ತಿತ್ತು. ಕರೆಂಟು ನೇರವಾಗಿ ಸಂಗೀತವನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಮನೆಗಳಲ್ಲಿ ಕೇಳಿಬರುವ ಗುಂಯ್‌ಗುಡುವಿಕೆಯ ದೊಡ್ಡ ಪಾಲಿಗೆ ಕಾರಣ ಮಾತ್ರ ವೋಲ್ಟೇಜೂ ಅಲ್ಲ, ಅಲೆಯ ಆಕಾರವೂ ಅಲ್ಲ, ಅರ್ಥಿಂಗ್ ತಂತಿಯ ಸುತ್ತು. ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ ಇದೆ, ಅದು ಹಾಲಿನ ಬೋರ್ಡಿನಲ್ಲಿದೆ. ಕಂಪ್ಯೂಟರಿಗೂ ಮೂರು ಪಿನ್ನಿನ ಪ್ಲಗ್ ಇದೆ, ಅದು ಕೋಣೆಯ ಬೋರ್ಡಿನಲ್ಲಿದೆ. ಎರಡರ ನಡುವೆ ಹಾಡು ಒಯ್ಯುವ ಒಂದು ಕೇಬಲ್ ಇದೆ. ಈಗ ಒಂದು ಪೆಟ್ಟಿಗೆಯ ಕವಚದಿಂದ ಇನ್ನೊಂದರ ಕವಚಕ್ಕೆ ಹೋಗಲು ಎರಡು ದಾರಿಗಳಾದವು: ಗೋಡೆಯೊಳಗಿನ ಅರ್ಥ್ ತಂತಿ ಒಂದು, ಕೇಬಲಿನ ಹೊರಜಾಲರಿ ಇನ್ನೊಂದು. ಪ್ರತಿಯೊಂದು ಉಪಕರಣವೂ ಅರ್ಥಿಗೆ ತುಸು ಕರೆಂಟು ಸೋರಿಸುತ್ತಲೇ ಇರುತ್ತದೆ, ಮನೆಯ ವೈರುಗಳ ಕಾಂತಕ್ಷೇತ್ರವೂ ಈ ಸುತ್ತನ್ನು ಹಾದುಹೋಗುತ್ತದೆ. ಹಾಗಾಗಿ ಎರಡು ಬೋರ್ಡುಗಳ ಅರ್ಥ್ ನಡುವೆ ಕೆಲವು ಮಿಲಿವೋಲ್ಟಿನ ವ್ಯತ್ಯಾಸ ಇದ್ದೇ ಇರುತ್ತದೆ, ಮತ್ತು ಅದು ತಳ್ಳುವ ಕರೆಂಟು ಹೊರಜಾಲರಿಯಲ್ಲಿ ಹರಿಯುತ್ತದೆ. ಸಾಮಾನ್ಯ ಆಡಿಯೊ ಕೇಬಲಿನಲ್ಲಿ ಆ ಜಾಲರಿಯೇ ಹಾಡಿನ ಮರುದಾರಿಯೂ ಆಗಿರುವುದರಿಂದ ಅಲ್ಲಿ ಹುಟ್ಟಿದ ಒಂದು ಮಿಲಿವೋಲ್ಟ್ ಹಾಡಿಗೇ ಕೂಡಿಕೊಳ್ಳುತ್ತದೆ. ಒಂದು ವೋಲ್ಟಿನ ಹಾಡಿನ ಎದುರು ಅದು ಸಾವಿರದಲ್ಲೊಂದು ಪಾಲು. ಆದರೂ ಆಲಾಪದ ಆರಂಭದ ಮೌನದಲ್ಲಿ ಎದ್ದು ಕೇಳುತ್ತದೆ. ಇದರ ಮೂಲ ಸ್ವರ 50 ಹರ್ಟ್ಸ್. ನನ್ನ ದುಂಬಿಗಿಂತ ಕೆಳಗಿನ, ಎದೆಗೆ ತಾಗುವ ಹೂಂಕಾರ. ಚಿಕ್ಕ ಸ್ಪೀಕರುಗಳು 50 ಹರ್ಟ್ಸನ್ನು ಸರಿಯಾಗಿ ನುಡಿಸಲಾರವು, ಆದ್ದರಿಂದ ಅವುಗಳಲ್ಲಿ 150, 250ರ ಮೇಲಿನ ಅಂಶಗಳೇ ಮುಂದಾಗಿ ಹೂಂಕಾರ ಒರಟಾಗಿ ಕೇಳಿಸುತ್ತದೆ.

ಇದನ್ನು ಪತ್ತೆ ಮಾಡಲು ಉಪಕರಣ ಬೇಡ. ಮೊದಲು ವಾಲ್ಯೂಮ್ ತಿರುಗಿಸಿ ನೋಡಿ: ಗುಂಯ್‌ಗುಡುವಿಕೆಯೂ ಅದರೊಂದಿಗೆ ಏರಿಳಿದರೆ ದೋಷ ವಾಲ್ಯೂಮಿಗಿಂತ ಮೊದಲೇ, ಅಂದರೆ ಕೇಬಲುಗಳಿಂದ ಅಥವಾ ಮುಂಭಾಗದಿಂದ ಬರುತ್ತಿದೆ; ಬದಲಾಗದಿದ್ದರೆ ಅದು ಹಿಂಭಾಗದ ಶಕ್ತಿ ಮಂಡಲದ್ದು. ಆಮೇಲೆ ಆಂಪ್ಲಿಫೈಯರನ್ನು ಆರಿಸಿ, ಅದಕ್ಕೆ ಸೇರಿಸಿದ ಕೇಬಲುಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲ ಆಂಪ್ಲಿಫೈಯರನ್ನು ಮತ್ತೆ ಹಚ್ಚಿ ಕೇಳುತ್ತ ಬನ್ನಿ. ಟಿ.ವಿ. ಸೆಟ್‌ಟಾಪ್ ಬಾಕ್ಸಿಗೆ ಬೀದಿಯಿಂದ ಬರುವ ಕೇಬಲನ್ನು ಬಿಚ್ಚಿದಾಗ ಸದ್ದು ನಿಲ್ಲುವುದು ಎಷ್ಟೋ ಮನೆಗಳ ಅನುಭವ, ಏಕೆಂದರೆ ಆ ಕೇಬಲ್ ಇನ್ನೆಲ್ಲಿಂದಲೋ ಬೇರೊಂದು ಅರ್ಥನ್ನು ಹೊತ್ತು ತರುತ್ತದೆ. ಮೊಬೈಲ್ ಫೋನನ್ನು ಚಾರ್ಜರಿಗೆ ಹಾಕದೆ ಜೋಡಿಸಿದಾಗ ಸದ್ದಿಲ್ಲ, ಕಂಪ್ಯೂಟರ್ ಜೋಡಿಸಿದಾಗ ಇದೆ ಎಂದಾದರೆ ಸುತ್ತು ಅಲ್ಲಿಯೇ ಸಿಕ್ಕಿತು. ಪರಿಹಾರಗಳು ಸರಳ: ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಬೋರ್ಡಿನಿಂದ ನಡೆಸುವುದು, ಅದೂ ಸಾಲದಿದ್ದರೆ ಆಡಿಯೊ ಕೇಬಲಿನ ನಡುವೆ ಹಾಡನ್ನು ದಾಟಿಸಿ ಅರ್ಥ್ ಸುತ್ತನ್ನು ಕಡಿಯುವ ಚಿಕ್ಕ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುವುದು. ಕೆಲವರು ಮೂರನೆಯ ಪಿನ್ನನ್ನು ಕಿತ್ತು ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸದ್ದು ನಿಲ್ಲಿಸುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗೆ ಫೇಸ್ ತಂತಿ ಕವಚಕ್ಕೆ ತಾಗಿದ ದಿನ ಪೆಟ್ಟಿಗೆ ಮುಟ್ಟಿದವರನ್ನು ಉಳಿಸಲು ಇದ್ದ ದಾರಿಯನ್ನೇ ಕಡಿದಂತಾಗುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಹಾಗೆ ಮಾಡಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಸದ್ದು ಸ್ಪೀಕರಿನಿಂದ ಬರದೆ ಆಂಪ್ಲಿಫೈಯರಿನ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಕಬ್ಬಿಣ ನಡುಗುವ ಸದ್ದು. ಚಕ್ಕುಲಿಯಂತೆ ದುಂಡಗಿರುವ ಟೊರಾಯ್ಡ್ ಟ್ರಾನ್ಸ್‌ಫಾರ್ಮರುಗಳಿಗೆ ಈ ದೌರ್ಬಲ್ಯ ಹೆಚ್ಚು. ಅಲೆಯ ಎರಡು ಅರ್ಧಗಳು ಸಮವಾಗಿಲ್ಲದಾಗ ಉಳಿಯುವ ಕೆಲವು ನೂರು ಮಿಲಿವೋಲ್ಟಿನ ನೇರ ವಿದ್ಯುತ್ತೂ ಅವುಗಳ ಕಬ್ಬಿಣವನ್ನು ಕಾಂತದಿಂದ ತುಂಬಿಸಿ ಒದರಿಸಲು ಸಾಕು. ತಲೆಗೂದಲು ಒಣಗಿಸುವ ಡ್ರೈಯರನ್ನು ಅರ್ಧ ಬಿಸಿಯಲ್ಲಿ ಇಟ್ಟಾಗ, ಅದು ಒಂದೇ ಡಯೋಡಿನ ಮೂಲಕ ಅರ್ಧ ಅಲೆಯನ್ನಷ್ಟೇ ಎಳೆಯುವ ಬಗೆಯದಾಗಿದ್ದರೆ, ಹಾಲಿನ ಆಂಪ್ಲಿಫೈಯರ್ ಒಮ್ಮೆಲೇ ಗುರುಗುಟ್ಟುತ್ತದೆ, ಡ್ರೈಯರ್ ಆರಿಸಿದರೆ ಸುಮ್ಮನಾಗುತ್ತದೆ.

ಫ್ಯಾನಿನ ರೆಗ್ಯುಲೇಟರಿನದು ಬೇರೆಯ ಜಾತಿ. ಗುಂಡಿ ತಿರುಗಿಸಿದಂತೆ ವೇಗ ನಯವಾಗಿ ಬದಲಾಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಅಲೆಯನ್ನು ಸೆಕೆಂಡಿಗೆ 100 ಸಲ ನಡುವೆ ಕತ್ತರಿಸುತ್ತದೆ, ಪ್ರತಿ ಕತ್ತರಿಯೂ ಒಂದು ಚೂಪಾದ ಸಿಡಿತ. ಬೇಸಿಗೆಯಲ್ಲಿ ಫ್ಯಾನು ಹಾಕಿದೊಡನೆ ಮೀಡಿಯಂ ವೇವ್ ಆಕಾಶವಾಣಿಯ ಮೇಲೆ ಜರ್ರೆಂಬ ಸದ್ದು ಏರಿ ಬರುತ್ತಿದ್ದುದು ಇದರಿಂದಲೇ. ಹಂತಹಂತವಾಗಿ ಟಕ್ ಟಕ್ ಎಂದು ತಿರುಗುವ ಕೆಪ್ಯಾಸಿಟರ್ ರೆಗ್ಯುಲೇಟರಿನಲ್ಲಿ ಕತ್ತರಿಯಿಲ್ಲ, ಆದ್ದರಿಂದ ಜರ್ರೂ ಇಲ್ಲ. ಹಾಡು ಕೇಳುವ ಕೋಣೆಗೆ ಆ ಒಂದು ರೆಗ್ಯುಲೇಟರನ್ನು ಬದಲಿಸುವುದು ಎಷ್ಟೋ ಫಿಲ್ಟರುಗಳಿಗಿಂತ ಮೇಲು. ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲ ಕಿವಿಗೆ ಕೇಳದಷ್ಟು ಮೇಲಿನ ಕಂಪನಗಳದು. ಅದು ರೇಡಿಯೊವನ್ನು ಕಾಡುವಷ್ಟು ಆಂಪ್ಲಿಫೈಯರನ್ನು ಕಾಡುವುದಿಲ್ಲ, ಕಾಡಿದಲ್ಲಿ ಮಾತ್ರ ಪ್ಲಗ್ಗಿನ ಬಳಿ ಹಾಕುವ ಲೈನ್ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ.

ಕರೆಂಟಿನ ತಪ್ಪಲ್ಲದ ಒಂದು ದುಂಬಿಯನ್ನೂ ಹೇಳಬೇಕು. ಹದಿನೈದು ಇಪ್ಪತ್ತು ವರ್ಷದ ಆಂಪ್ಲಿಫೈಯರಿನಲ್ಲಿ 100 ಹರ್ಟ್ಸಿನ ಸದ್ದು ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತ, ಹಗಲು ರಾತ್ರಿ ಎನ್ನದೆ ಒಂದೇ ಸಮ ಇದ್ದರೆ ಒಳಗಿನ ಕೆಪ್ಯಾಸಿಟರುಗಳು ಒಣಗಿವೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ರಿಪೇರಿಯವರು ಪಾಲಿಸುವ ಲೆಕ್ಕ; ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿದ ಕಪಾಟಿನೊಳಗೆ ದುಡಿದ ಆಂಪ್ಲಿಫೈಯರಿಗೆ ಇದು ಬೇಗ ಬರುತ್ತದೆ.

ಇನ್ನು ಉಳಿದದ್ದು ದುಬಾರಿ ಪವರ್ ಕೇಬಲ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ತಡೆ. ಮೀಟರ್ ಬೋರ್ಡಿನಿಂದ ಹಾಲಿನ ಪ್ಲಗ್ಗಿಗೆ 20 ಮೀಟರ್ ಇದ್ದರೆ ಹೋಗಿ ಬರುವ ದಾರಿ 40 ಮೀಟರ್, ತಡೆ ಅರ್ಧ ಓಮಿನ ಹತ್ತಿರ. ಆಂಪ್ಲಿಫೈಯರಿನೊಂದಿಗೆ ಬರುವ ಒಂದೂವರೆ ಮೀಟರಿನ ಸಾಮಾನ್ಯ ವೈರಿನ ತಡೆ, ಅದು 0.75 ಚದರ ಮಿಲಿಮೀಟರಿನದಾಗಿದ್ದರೂ, 0.08 ಓಮ್. ಅದನ್ನು ಎಷ್ಟೇ ದಪ್ಪದ್ದಕ್ಕೆ ಬದಲಿಸಿದರೂ ಗಳಿಸುವುದು ಅಷ್ಟರೊಳಗೇ. ಅದೇ ಪ್ಲಗ್ಗಿನ ಹಿಂದೆ ಹತ್ತು ವರ್ಷದಿಂದ ಯಾರೂ ಮುಟ್ಟದ ಮೂರು ಸ್ಕ್ರೂಗಳಿರುತ್ತವೆ, ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಹಿಗ್ಗಿ ಕುಗ್ಗಿ ಸಡಿಲಾದವು. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಿಂದ ಆ ಬೋರ್ಡನ್ನು ಬಿಚ್ಚಿಸಿ ನೋಡಿದರೆ, ಕಪ್ಪಾದ ನ್ಯೂಟ್ರಲ್ ತುದಿಯೋ ಎಂದೂ ಜೋಡಿಸದೇ ಬಿಟ್ಟ ಅರ್ಥ್ ತಂತಿಯೋ ಕಾಣಸಿಗುವುದು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೀರಾ ಸಾಮಾನ್ಯ.